ಏಳುನೂರು ವರ್ಷದ ಹಿಂದಿನ ಹಾಡನ್ನು ಹಾಳೆ ನೋಡಿ ಹಾಡಲು ಆಗುತ್ತದಾ?

ವೀಣೆವಸು
ಎಲ್ಲರಿಗೂ ನಮಸ್ಕಾರ. ಇದನ್ನು ಸಂಗೀತ ವಿಭಾಗಕ್ಕೆ ಹಾಕಬೇಕೋ ಇತಿಹಾಸ ವಿಭಾಗಕ್ಕೋ ಗೊತ್ತಾಗಲಿಲ್ಲ, ಇಲ್ಲೇ ಹಾಕಿದ್ದೇನೆ.

ಹೋದ ವಾರ ನಿದ್ದೆ ಬಾರದೆ ಯೂಟ್ಯೂಬ್ ತಿರುವುತ್ತಿದ್ದೆ. ಕಪೆಲ್ಲಾ ರೊಮಾನಾ ಅನ್ನೋ ಅಮೆರಿಕದ ತಂಡದ ಹಾಡು ಸಿಕ್ಕಿತು. ಇಸ್ತಾಂಬುಲ್‌ನ ಹಗಿಯಾ ಸೋಫಿಯಾ ಚರ್ಚಾಗಿದ್ದ ಕಾಲದಲ್ಲಿ ಅಲ್ಲಿ ಹಾಡುತ್ತಿದ್ದ ಗ್ರೀಕ್ ಸ್ತೋತ್ರಗಳಂತೆ. ಹೆಡ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಕೇಳಿದೆ. ಕೆಳಗೆ ನಮ್ಮ ತಂಬೂರಿ ಥರ ಒಂದೇ ಸ್ವರ ಹಿಡಿದಿದ್ದಾರೆ. ಮೇಲೆ ರಾಗ ನಿಧಾನಕ್ಕೆ ಹರಿಯುತ್ತಿದೆ. ಒಂದು ಪದ ಮುಗಿಯುವುದರೊಳಗೆ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಆದರೂ ಮೈ ಜುಮ್ಮೆಂದಿತು.

ಆಮೇಲೆ ಕೆಳಗಿದ್ದ ವಿವರಣೆ ಓದಿದೆ. ಮಧ್ಯಯುಗದ ಕೈಬರಹದ ಪುಸ್ತಕಗಳಿಂದ ಓದಿ ಹಾಡಿದ್ದಂತೆ. ಅಲ್ಲಿ ನನ್ನ ತಲೆ ಕೆಟ್ಟಿತು. ನಾನು ಹತ್ತು ವರ್ಷದಿಂದ ವೀಣೆ ಕಲಿಯುತ್ತಿದ್ದೇನೆ. 1904ರಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿ ನಮ್ಮ ಮನೆಯಲ್ಲಿದೆ. ಅದರಲ್ಲಿ ಗಮಕಕ್ಕೂ ಗುರುತು ಹಾಕಿದ್ದಾರೆ. ಆದರೂ ಅದನ್ನು ನೋಡಿಕೊಂಡು ನುಡಿಸಿದರೆ ನಮ್ಮ ಮೇಷ್ಟ್ರು "ಇದು ಪುಸ್ತಕದ ಬದನೆಕಾಯಿ, ಮುಚ್ಚಿಡು" ಎನ್ನುತ್ತಾರೆ. ನೂರಿಪ್ಪತ್ತು ವರ್ಷದ ಪುಸ್ತಕದ ಗತಿಯೇ ಇದು. ಹಾಗಿರುವಾಗ ಏಳುನೂರು ವರ್ಷದ್ದನ್ನು ಇವರು ಹೇಗೆ ಓದಿದರು? ನಿಜವಾಗಿ ಓದುತ್ತಾರಾ, ಇಲ್ಲಾ ಸುಮ್ನೆ ಕಟ್ಟಿ ಹಾಡುತ್ತಾರಾ? ಗೊತ್ತಿರುವವರು ಹೇಳಿ.

ತಿರುಗುಬಾಣ
ಒಂದು ಪದಕ್ಕೆ ಒಂದು ಲೋಟ ಕಾಫಿ. ನಮ್ಮ ಆಫೀಸಿನ ಸೋಮವಾರದ ಮೀಟಿಂಗ್ ಥರ.

ಸಂಶಯಪ್ಪ
ಕಟ್ಟಿದ್ದೇ. ಎರಡನೇ ಮಾತೇ ಇಲ್ಲ. ನಮ್ಮಲ್ಲಿ ವಚನ ಹಾಡುವುದಿಲ್ಲವಾ? 12ನೇ ಶತಮಾನದ ಸಾಹಿತ್ಯ, 20ನೇ ಶತಮಾನದ ರಾಗ. ಕೇಳಲು ಚೆನ್ನಾಗಿದೆ, ಆದರೆ ಬಸವಣ್ಣನವರ ಕಾಲದಲ್ಲಿ ಹಾಗೇ ಹಾಡುತ್ತಿದ್ದರು ಎಂದು ಯಾರೂ ಎದೆ ತಟ್ಟಿ ಹೇಳುವುದಿಲ್ಲ. ಇವರೂ ಹಾಗೆ ಒಪ್ಪಿಕೊಂಡರೆ ನನ್ನ ತಕರಾರಿಲ್ಲ. "ಕಳೆದುಹೋದ ದನಿ ಮರಳಿ ಸಿಕ್ಕಿತು" ಎಂದು ಸಿಡಿ ಮಾರುವುದು ಬೇಡ, ಅಷ್ಟೇ.

ಥೆಸಲೊನೀಕಿ_ಶ್ರೀ
ವಚನಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಸಂಶಯಪ್ಪನವರೇ. ವಚನದ ಓಲೆಗರಿಯಲ್ಲಿ ಅಕ್ಷರ ಮಾತ್ರ ಇದೆ. ಇಲ್ಲಿ ಅಕ್ಷರದ ತಲೆ ಮೇಲೆ ಸ್ವರದ ಗುರುತೂ ಇದೆ.

ನಾನು ಗ್ರೀಸ್‌ನ ಥೆಸಲೊನೀಕಿಗೆ ಬಂದು ಆರು ವರ್ಷ ಆಯಿತು. ಹೊಟ್ಟೆಪಾಡು ಬಂದರಿನ ಲೆಕ್ಕಪತ್ರ. ಮನೆ ಹಿಂದಿನ ಚರ್ಚಿನಲ್ಲಿ ಒಬ್ಬ ಮುದುಕರು ಬುಧವಾರ ಸಂಜೆ ಈ ಗಾಯನದ ಪಾಠ ಹೇಳುತ್ತಾರೆ. ಭಾಷೆ ಕಲಿಯಲು ಆಗುತ್ತದಲ್ಲ ಎಂದು ಸೇರಿದೆ. ಮೂರು ವರ್ಷ ಕಳೆಯಿತು, ಇನ್ನೂ ಬಿಟ್ಟಿಲ್ಲ.

ಇವರ ಬರಹ ಸ ರಿ ಗ ಮ ಥರ ಇಲ್ಲ. ಯಾವ ಸ್ವರ ಎಂದು ಬರೆಯುವುದಿಲ್ಲ. ಹಿಂದಿನ ಸ್ವರದಿಂದ ಎಷ್ಟು ಮೆಟ್ಟಿಲು ಹತ್ತಬೇಕು, ಎಷ್ಟು ಇಳಿಯಬೇಕು ಎಂದು ಬರೆಯುತ್ತಾರೆ. ಇಸೊನ್ ಎಂದರೆ ಇದ್ದಲ್ಲೇ ಇರು. ಓಲಿಗೊನ್, ಒಂದು ಮೆಟ್ಟಿಲು ಹತ್ತು. ಅಪೊಸ್ತ್ರೊಫೊಸ್, ಒಂದು ಇಳಿ. ಎಲಫ್ರೊನ್, ಒಂದೇ ನೆಗೆತಕ್ಕೆ ಎರಡು ಇಳಿ. ಇಪ್ಸಿಲಿ ಬಂದರೆ ನಾಲ್ಕು ಮೆಟ್ಟಿಲು ಮೇಲೆ. ಒಂದು ಕಡೆ ಎಣಿಕೆ ತಪ್ಪಿದರೆ ಮುಂದಿನದೆಲ್ಲ ತಪ್ಪು. ಅದಕ್ಕೇ ನಡುನಡುವೆ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕುತ್ತಾರೆ: "ಈಗ ನೀನು ಇಲ್ಲಿರಬೇಕು, ಇದ್ದೀಯಾ?" ಎನ್ನುವ ಹಾಗೆ. ಹೆದ್ದಾರಿಯ ಮೈಲಿಗಲ್ಲು ಅಂದುಕೊಳ್ಳಿ. ಮಾರ್ತಿರಿಯಾ ಅಂತ ಅದರ ಹೆಸರು, ಸಾಕ್ಷಿ ಎಂದು ಅರ್ಥ.

ಈ ಮೆಟ್ಟಿಲು ಲೆಕ್ಕದ ಬರಹ 12ನೇ ಶತಮಾನದ ಮಧ್ಯಭಾಗದಿಂದ ಸ್ಪಷ್ಟವಾಗಿ ಸಿಗುತ್ತದೆ. ಅದಕ್ಕೂ ಹಿಂದಿನ ಗುರುತುಗಳಲ್ಲಿ ಏರುವುದೋ ಇಳಿಯುವುದೋ ಅನ್ನುವುದರ ಸುಳಿವು ಮಾತ್ರ ಇದೆ, ಎಷ್ಟು ಅನ್ನುವುದು ಇಲ್ಲ. ಹಾಗಾಗಿ 13ನೇ ಶತಮಾನದ ಪುಸ್ತಕದಿಂದ ರಾಗದ ಎಲುಬು ಸಿಗುತ್ತದೆ. ಅದು ಕಟ್ಟುಕತೆ ಅಲ್ಲ.

ಸಂಶಯಪ್ಪ
ಎಲುಬು ಸರಿ. ಮಾಂಸ?

ಥೆಸಲೊನೀಕಿ_ಶ್ರೀ
ಅಲ್ಲೇ ಜಗಳ ಇರುವುದು. ಊಟ ಮುಗಿಸಿ ಬಂದು ಬರೆಯುತ್ತೇನೆ.

ಗಿರಿಜಕ್ಕ
ನಾನು 2014ರಲ್ಲಿ ಮಗನ ಜೊತೆ ಹಗಿಯಾ ಸೋಫಿಯಾಗೆ ಹೋಗಿದ್ದೆ. ಆಗ ಅದು ಮ್ಯೂಸಿಯಂ. ಒಳಗೆ ನಿಂತು "ಶ್ರೀನಿವಾಸ" ಎಂದು ಮೆಲ್ಲಗೆ ಅಂದೆ. ನಂಬಿ, ಗುಂಬಜ್ ಸುತ್ತಿ ವಾಪಸ್ ಬಂದ ಹಾಗೆ ಕೇಳಿಸಿತು. ಅಲ್ಲಿಯ ಕಾವಲಿನವನು ಕಣ್ಣು ಬಿಟ್ಟು ನೋಡಿದ. ಮಗ "ಅಮ್ಮಾ, ಸಾಕು" ಎಂದು ಎಳೆದುಕೊಂಡು ಹೋದ. ಹೊರಗೆ ಸುಟ್ಟ ಜೋಳ ಮಾರುತ್ತಿದ್ದರು, ನಮ್ಮ ಊರಿನ ಜಾತ್ರೆ ನೆನಪಾಯಿತು.

ಶಬ್ದದಾಸ
ಗಿರಿಜಕ್ಕ ಹೇಳಿದ್ದು ಅಳತೆಗೂ ಸಿಕ್ಕಿದೆ. ನನ್ನ ಕೆಲಸ ಸಭಾಂಗಣಗಳ ಧ್ವನಿ ವಿನ್ಯಾಸ, ಹಾಗಾಗಿ ಈ ಭಾಗ ನನಗೆ ಗೊತ್ತು.

ಹಗಿಯಾ ಸೋಫಿಯಾ ಮ್ಯೂಸಿಯಂ ಆಗಿದ್ದಾಗ ಒಳಗೆ ಹಾಡಲು ಬಿಡುತ್ತಿರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ್ತಿ ಬಿಸ್ಸೆರಾ ಪೆಂಚೆವಾ ಮತ್ತು ಅಲ್ಲೇ ಧ್ವನಿಶಾಸ್ತ್ರ ನೋಡುವ ಜೊನಾಥನ್ ಏಬಲ್ ಒಂದು ಉಪಾಯ ಮಾಡಿದರು. 2010ರಲ್ಲಿ ಒಳಗೆ ಬಲೂನ್ ಒಡೆಸಿ ಅದರ ಸದ್ದನ್ನು ರೆಕಾರ್ಡ್ ಮಾಡಿಕೊಂಡರು. ಬಲೂನಿನ "ಟಪ್" ಚಿಕ್ಕದು. ಉಳಿದದ್ದೆಲ್ಲ ಆ ಕಟ್ಟಡ ಕೊಡುವ ಉತ್ತರ. ಆ ಉತ್ತರದ ಅಚ್ಚು ಸಿಕ್ಕಿದರೆ ಕಂಪ್ಯೂಟರಿನಲ್ಲಿ ಯಾವ ಹಾಡಿಗೆ ಬೇಕಾದರೂ ತೊಡಿಸಬಹುದು. ಹಾಡುವವರಿಗೆ ಕಿವಿಯಲ್ಲೇ ಆ ಪ್ರತಿಧ್ವನಿ ಕೇಳಿಸುತ್ತಾ ಹಾಡಿಸಿದರು. ಅದರಿಂದ ಅವರ ಲಯವೇ ಬದಲಾಯಿತು. ವಸು ಅವರು ಕೇಳಿದ್ದು ಬಹುಶಃ ಈ ಯೋಜನೆಯ 2019ರ ಧ್ವನಿಮುದ್ರಣ.

ಸದ್ದು ಪೂರ್ತಿ ಅಡಗಲು ಅಲ್ಲಿ ಸುಮಾರು 11 ಸೆಕೆಂಡು ಬೇಕು. ಒಳ್ಳೆಯ ಸಂಗೀತ ಸಭಾಂಗಣದಲ್ಲಿ ಎರಡು ಸೆಕೆಂಡು ಇರುತ್ತದೆ. ನೀವು ಹಾಡಿದ ಹತ್ತನೇ ಸ್ವರ ಬರುವಾಗ ಮೊದಲನೆಯದು ಇನ್ನೂ ಗಾಳಿಯಲ್ಲಿ ತೂಗುತ್ತಿರುತ್ತದೆ. ಅಲ್ಲಿ ಬಿರ್ರನೆ ಹಾಡಿದರೆ ಬರೀ ಗದ್ದಲ. ಹಾಗಾಗಿ ನಿಧಾನ ಅನ್ನುವುದು ಭಕ್ತಿಯಷ್ಟೇ ಅಲ್ಲ, ಕಟ್ಟಡದ ಹುಕುಂ ಕೂಡ.

ತಿರುಗುಬಾಣ
ಜಗತ್ತಿನ ಅತಿ ದುಬಾರಿ ಬಲೂನ್.

ವೀಣೆವಸು
ಶಬ್ದದಾಸ, ಹಾಗಾದರೆ ಆ ತಂಬೂರಿಯಂಥ ಸ್ವರವೂ ಕಟ್ಟಡಕ್ಕಾಗಿಯೇ ಬಂದದ್ದಾ?

ಶಬ್ದದಾಸ
ನನಗೆ ಹಾಗೇ ಅನ್ನಿಸುತ್ತದೆ. ಕಟ್ಟಡವೇ ಒಂದು ಸ್ವರ ಹಿಡಿದು ನಿಲ್ಲಿಸುತ್ತದಲ್ವಾ, ಅದನ್ನೇ ಮನುಷ್ಯರು ಮುಂದುವರಿಸಿರಬಹುದು.

ಹಳೇಹಾಳೆ
ಅಷ್ಟು ಬೇಗ ತೀರ್ಮಾನ ಬೇಡ. ನಾನು ಕೈಬರಹ ಭಂಡಾರವೊಂದರಲ್ಲಿ ತಿಗಳಾರಿ ಓಲೆ ಓದಿ ಪಟ್ಟಿ ಮಾಡುವವನು, ಗ್ರೀಕ್ ನನ್ನ ಹೊಲ ಅಲ್ಲ. ಆದರೆ ಈ ವಿಷಯದ ಹಿಂದೆ ಒಂದು ಬೇಸಿಗೆ ಪೂರ್ತಿ ಬಿದ್ದಿದ್ದೆ. ಮಧ್ಯಯುಗದ ಬೈಜಾಂಟೈನ್ (ಇಸ್ತಾಂಬುಲ್ ರಾಜಧಾನಿಯಾಗಿದ್ದ ಹಳೇ ಗ್ರೀಕ್ ಕ್ರೈಸ್ತ ಸಾಮ್ರಾಜ್ಯದ) ಪುಸ್ತಕಗಳಲ್ಲಿ ಆ ಶ್ರುತಿ ಸ್ವರವನ್ನು ಎಲ್ಲೂ ಬರೆದಿಲ್ಲ. ಇಸೊನ್ ಗುರುತು ಇದೆ, ಆದರೆ ಅದು ಶ್ರೀ ಹೇಳಿದ "ಇದ್ದಲ್ಲೇ ಇರು". ಈಗ ಶ್ರುತಿಗೂ ಅದೇ ಹೆಸರು, ಅಲ್ಲಿ ಎಲ್ಲರೂ ಎಡವುತ್ತಾರೆ. ಶ್ರುತಿ ಹಿಡಿಯುವುದರ ಬಗ್ಗೆ ಎಲ್ಲರೂ ತೋರಿಸುವ ಸಾಕ್ಷಿ 16ನೇ ಶತಮಾನದ್ದು. ಮಾರ್ಟಿನ್ ಕ್ರೂಸಿಯುಸ್ ಎಂಬ ಜರ್ಮನ್ ವಿದ್ವಾಂಸ 1584ರಲ್ಲಿ ಅಚ್ಚು ಹಾಕಿಸಿದ ಪುಸ್ತಕ. ಗ್ರೀಕರಲ್ಲಿ ಒಬ್ಬ ಒಂದೇ ಸ್ವರ ಹಿಡಿದರೆ ಇನ್ನೊಬ್ಬ ಹಾಡುತ್ತಾನೆ, ನಮ್ಮ ಚೀಲವಾದ್ಯದವರ ಥರ, ಎಂದು ಬರೆದಿದ್ದಾನೆ. ಅದಕ್ಕೂ ಹಿಂದೆ ಇತ್ತಾ? ಇದ್ದಿರಬಹುದು. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಬರೆಯುತ್ತಾರೆ? ನಮ್ಮ ಹಳೇ ಕೀರ್ತನೆ ಪುಸ್ತಕದಲ್ಲಿ "ತಂಬೂರಿ ಹಿಡಿದುಕೊಳ್ಳಿ" ಎಂದು ಬರೆದಿರುವುದನ್ನು ನೋಡಿದ್ದೀರಾ?

ಸಂಶಯಪ್ಪ
ನೋಡಿ, ಶ್ರುತಿಯೇ ಊಹೆ ಎಂದಾಯಿತು. ಒಂದೊಂದಾಗಿ ಇಟ್ಟಿಗೆ ಉದುರುತ್ತಿದೆ.

ಥೆಸಲೊನೀಕಿ_ಶ್ರೀ
ಊಟ ಆಯಿತು. ಈಗ ಮಾಂಸದ ಕಥೆ.

1931ರಲ್ಲಿ ಕೋಪನ್‌ಹೇಗನ್‌ನಲ್ಲಿ ಮೂವರು ಸೇರಿದರು: ಡೆನ್ಮಾರ್ಕಿನ ಕಾರ್ಸ್ಟನ್ ಹೇಗ್, ಇಂಗ್ಲೆಂಡಿನ ಟಿಲ್‌ಯಾರ್ಡ್, ವಿಯೆನ್ನಾದ ಎಗಾನ್ ವೆಲ್ಲೆಸ್. ಕೊನೆಯವರು ಷೇನ್‌ಬರ್ಗ್ ಎಂಬ ಹೆಸರಾಂತ ಸಂಗೀತ ರಚನಕಾರರ ಶಿಷ್ಯ, ಸ್ವತಃ ಸಂಗೀತ ರಚಿಸುತ್ತಿದ್ದವರು. ಹಳೇ ಪುಸ್ತಕಗಳ ಫೋಟೋ ಅಚ್ಚು ಹಾಕುವುದು, ಅವುಗಳನ್ನು ಪಾಶ್ಚಾತ್ಯ ಐದು ಗೆರೆಯ ಬರಹಕ್ಕೆ ಇಳಿಸುವುದು ಅವರ ಯೋಜನೆ. ಅವರ ಲೆಕ್ಕ ಸರಳ. ಒಂದು ಗುರುತು, ಒಂದು ಸ್ವರ. ಮೆಟ್ಟಿಲು ಎಣಿಸು, ಬರೆ. ಈಗಿನ ಗ್ರೀಕ್ ಚರ್ಚಿನಲ್ಲಿ ಹಾಡುವ ರೀತಿಯನ್ನು ಪಕ್ಕಕ್ಕಿಟ್ಟರು. ತುರ್ಕರ ಕಾಲದಲ್ಲಿ ಕಲಬೆರಕೆ ಆಗಿದೆ ಎಂಬುದು ಆಗಿನ ಅನುಮಾನ.

ಗ್ರೀಕರಿಗೆ ಉರಿದುಹೋಯಿತು. ನಾವು ಪ್ರತಿ ಭಾನುವಾರ ಹಾಡುತ್ತಿದ್ದೇವೆ, ನಮ್ಮನ್ನು ಕೇಳದೆ ನಮ್ಮ ಹಾಡನ್ನು ನೀವು ಓದುತ್ತೀರಾ? ಅದಕ್ಕೂ ಮೊದಲೇ, 1917ರಲ್ಲಿ, ಪ್ಸಾಖೋಸ್ ಎಂಬ ವಿದ್ವಾಂಸ ಬೇರೆ ವಾದ ಇಟ್ಟಿದ್ದರು. ಹಳೇ ಗುರುತು ಶೀಘ್ರಲಿಪಿ ಇದ್ದ ಹಾಗೆ. ನಾಲ್ಕು ಗುರುತು ನೋಡಿದರೆ ಬಲ್ಲವನು ನಲವತ್ತು ಸ್ವರ ಹಾಡುತ್ತಾನೆ. ಹಾಳೆಯಲ್ಲಿರುವುದು ನೆನಪಿನ ಗಂಟು, ಬಿಡಿಸುವುದು ಗುರುವಿನಿಂದ ಬರಬೇಕು.

ಅದಕ್ಕೆ ಆಧಾರವೂ ಇದೆ. 1814ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಈಗಿನ ಇಸ್ತಾಂಬುಲ್‌ನಲ್ಲಿ, ಕ್ರಿಸಾಂಥೊಸ್, ಗ್ರಿಗೊರಿಯೊಸ್, ಖುರ್ಮೂಜಿಯೊಸ್ ಎಂಬ ಮೂವರು ಬರಹದ ಪದ್ಧತಿಯನ್ನೇ ಬದಲಾಯಿಸಿದರು. ಹಿಂದೆ ಬಾಯಿಪಾಠದಲ್ಲಿದ್ದದ್ದನ್ನು ಬಿಡಿಸಿ ಬರೆದರು. ಖುರ್ಮೂಜಿಯೊಸ್ ಒಬ್ಬರೇ ಹತ್ತಾರು ಸಂಪುಟ ಹಳೇ ಹಾಡುಗಳನ್ನು ಹೊಸ ಲಿಪಿಗೆ ಇಳಿಸಿದ್ದಾರೆ. ಹಳೇ ಹಾಳೆಯಲ್ಲಿ ಎರಡು ಸಾಲು ಇದ್ದದ್ದು ಅವರಲ್ಲಿ ಪುಟಗಟ್ಟಲೆ ಹಬ್ಬುತ್ತದೆ. ನಮ್ಮ ಮಾಸ್ತರು ಈ ಪಂಗಡ. "ಬೀಜ ನೋಡಿ ಮರ ಎಷ್ಟು ದೊಡ್ಡದು ಎಂದು ಡೆನ್ಮಾರ್ಕಿನವರಿಗೆ ಹೇಗೆ ಗೊತ್ತಾಗಬೇಕು?" ಎನ್ನುತ್ತಾರೆ.

ಸಂಶಯಪ್ಪ
ಹಾಗಾದರೆ ಖುರ್ಮೂಜಿಯೊಸ್ ಬರೆದದ್ದು 19ನೇ ಶತಮಾನದ ಹಾಡುಗಾರಿಕೆ. ಅದನ್ನು ತೆಗೆದುಕೊಂಡು ಹೋಗಿ 13ನೇ ಶತಮಾನದ ಹಾಳೆಗೆ ಅಂಟಿಸುವುದು ಹೇಗೆ ಸರಿ? ಅಜ್ಜನ ಫೋಟೋಗೆ ಮೊಮ್ಮಗನ ಮೀಸೆ ಬರೆದ ಹಾಗಾಯಿತು.

ಥೆಸಲೊನೀಕಿ_ಶ್ರೀ
ಮೀಸೆ ವಂಶದಲ್ಲೇ ಇದ್ದರೆ?

ಹಳೇಹಾಳೆ
ಇಬ್ಬರೂ ಅರ್ಧರ್ಧ ಸರಿ. ನಡುವಿನ ದಾರಿ ಹಿಡಿದವರೂ ಇದ್ದಾರೆ. ಇಯೋನಿಸ್ ಅರ್ವಾನಿತಿಸ್ ಎಂಬ ಗ್ರೀಕ್ ವಿದ್ವಾಂಸ ಸ್ವತಃ ಚರ್ಚಿನ ಹಾಡುಗಾರ. 2010ರಲ್ಲಿ ಆಕ್ಸ್‌ಫರ್ಡ್‌ಗೆ ಕೊಟ್ಟ ಪ್ರಬಂಧದಲ್ಲಿ ಹಳೇ ಹಾಡುಗಳ ಲಯವನ್ನು ಕೆದಕಿದ್ದಾರೆ. ಆ ಕಾಲದ ಸರಳ ಹಾಡುಗಳು ಅಷ್ಟೊಂದು ಎಳೆದಾಡುವಂಥವಲ್ಲ, ಅವುಗಳಲ್ಲಿ ಎರಡೆರಡರ ಎಣಿಕೆಯ ನಡಿಗೆ ಇತ್ತು ಎಂದು ಅವರ ವಾದ. ಅಂದರೆ ಕೋಪನ್‌ಹೇಗನ್‌ನವರ ಹಾಗೆ ಹಾಳೆಯನ್ನು ನಂಬುತ್ತಾರೆ, ಆದರೆ ಹಾಡುವಾಗ ಬದುಕಿರುವ ಪರಂಪರೆಯ ಗಂಟಲು ಬಳಸುತ್ತಾರೆ. ವಸು ಕೇಳಿದ ತಂಡಕ್ಕೆ ಹಾಳೆಗಳನ್ನು ಓದಿ ಸಿದ್ಧಮಾಡಿ ಕೊಟ್ಟವರಲ್ಲಿ ಅವರೂ ಒಬ್ಬರು. ತಂಡ ಕಟ್ಟಿದ ಅಲೆಕ್ಸಾಂಡರ್ ಲಿಂಗಾಸ್ ಕೂಡ ಸಂಗೀತ ಇತಿಹಾಸ ಓದಿದವರೇ. 1991ರಿಂದ ನಡೆಸುತ್ತಿದ್ದಾರೆ. ಸುಮ್ನೆ ಸಿಡಿ ಮಾರಲು ಬಂದವರಲ್ಲ.

ಇನ್ನೊಂದು ಮಾತು. 15ನೇ ಶತಮಾನದ ಮಾನ್ಯುಯೆಲ್ ಕ್ರಿಸಾಫಿಸ್ ಎಂಬ ಆಸ್ಥಾನ ಗಾಯಕ ಒಂದು ಲಕ್ಷಣ ಗ್ರಂಥ ಬರೆದಿದ್ದಾರೆ. 1458ರ ಪ್ರತಿ ಇದೆ. ಅಂದರೆ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಬಿದ್ದು ಐದೇ ವರ್ಷ. ಅದರಲ್ಲಿ ಅವರು ಗೊಣಗುವುದು ಏನು ಗೊತ್ತಾ? ಈಗಿನವರು ಮೆಟ್ಟಿಲು ಎಣಿಸುವುದನ್ನೇ ಹಾಡು ಎಂದುಕೊಂಡಿದ್ದಾರೆ ಎಂದು! ಗುರುತುಗಳ ಗುಂಪಿಗೆ ತನ್ನದೇ ನಡೆ ಇರುತ್ತದೆ, ಅದು ಗೊತ್ತಿಲ್ಲದಿದ್ದರೆ ಎಣಿಕೆಯಿಂದ ಏನೂ ಆಗದು ಎನ್ನುವ ಧಾಟಿ. ಸಂಶಯಪ್ಪ, ಇದು 19ನೇ ಶತಮಾನದ ಮೀಸೆ ಅಲ್ಲ.

ವೀಣೆವಸು
ಇದನ್ನು ಪ್ರಿಂಟ್ ತೆಗೆದು ನಮ್ಮ ಮೇಷ್ಟ್ರಿಗೆ ಕೊಡುತ್ತೇನೆ. ಐನೂರು ವರ್ಷದ ಹಿಂದೆಯೇ ಒಬ್ಬರು "ಪುಸ್ತಕದ ಬದನೆಕಾಯಿ" ಎಂದಿದ್ದಾರೆ!

ಸಂಶಯಪ್ಪ
ಕ್ರಿಸಾಫಿಸ್ ಮಾತಿಗೆ ಒಂದು ಅಂಕ ಕೊಟ್ಟೆ. ಒಂದೇ.

ಸುಮ್ನೆ_ಬಂದೆ
ಆರ್ಥೊಡಾಕ್ಸ್ ಚರ್ಚು ನಮ್ಮ ಬ್ರಹ್ಮಾವರದಲ್ಲೂ ಇದೆ. ಅಲ್ಲಿಗೆ ಹೋದರೆ ಈ ಹಾಡು ಕೇಳಬಹುದಲ್ಲ? ಗ್ರೀಸ್‌ಗೆ ಯಾಕೆ ಹೋಗಬೇಕು?

ಬ್ರಹ್ಮಾವರದವ
ಹೆಸರು ಒಂದೇ ಇದ್ದ ಮಾತ್ರಕ್ಕೆ ಹಾಡು ಒಂದೇ ಆಗುವುದಿಲ್ಲ ಮಾರಾಯ್ರೆ. ನಮ್ಮದು ಸಿರಿಯಾ ಕಡೆಯಿಂದ ಬಂದ ಸಿರಿಯಾಕ್ ಪರಂಪರೆ, ಬೈಜಾಂಟೈನ್ ಅಲ್ಲ. ಎರಡಕ್ಕೂ ಎಂಟು ಧಾಟಿಯ ಲೆಕ್ಕ ಇದೆ, ಅದು ನಿಜ. ಗ್ರೀಕರೂ ಎಂಟು ಎಣಿಸುತ್ತಾರೆ, ಸಿರಿಯಾಕ್‌ನವರೂ ಎಂಟು. ಆದರೆ ನಾನು ಸಣ್ಣವನಿದ್ದಾಗ ಕಲಿತದ್ದು ಪೂರ್ತಿ ಕಿವಿಯಿಂದ. ಪುಸ್ತಕದಲ್ಲಿ ಮಾತು ಇರುತ್ತಿತ್ತು, ಸ್ವರ ಇರುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಹಿರಿಯರು ತಪ್ಪಿದರೆ ಮೊಣಕೈಯಲ್ಲಿ ತಿವಿಯುತ್ತಿದ್ದರು, ಅದೇ ನಮ್ಮ ಮಾರ್ತಿರಿಯಾ.

ಕೊಡಚಾದ್ರಿ_ಕಿರಣ
ಗ್ರೀಕ್ ಮತ್ತು ಕನ್ನಡ ಎಂದ ಮೇಲೆ ಆಕ್ಸಿರಿಂಕಸ್ ಬರಲೇಬೇಕು. ಈಜಿಪ್ಟಿನ ಆ ಊರಿನ ಕಸದ ಗುಡ್ಡೆಯಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತು ಇದೆ ಎಂದು ಜರ್ಮನ್ ವಿದ್ವಾಂಸ ಹುಲ್ಚ್ 1904ರಲ್ಲಿ ಹೇಳಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಮುಂದುವರಿಸಿದರು. ಎರಡನೇ ಶತಮಾನದಲ್ಲೇ ಕನ್ನಡ!

ಸಂಶಯಪ್ಪ
ಅದನ್ನು ಒಪ್ಪದವರೂ ಬಹಳ ಇದ್ದಾರೆ, ಕಿರಣ್. ಬೇರೆ ಎಳೆ ತೆರೆಯಿರಿ, ಅಲ್ಲಿ ಜಗಳ ಆಡೋಣ.

ಕೊಡಚಾದ್ರಿ_ಕಿರಣ
ಕನ್ನಡದ ವಿಷಯದಲ್ಲೂ ಸಂಶಯವೇ? ಹೆಸರಿಗೆ ತಕ್ಕ ಹಾಗಿದ್ದೀರಿ.

ನಿರ್ವಾಹಕ
ವಿಷಯಕ್ಕೆ ಬನ್ನಿ ಸ್ವಾಮಿ. ಪ್ರಹಸನಕ್ಕೆ ಈಗಾಗಲೇ ಮೂರು ಎಳೆ ಇವೆ, ಮೂರಕ್ಕೂ ಬೀಗ ಹಾಕಿದ್ದೇನೆ.

ಹಳೇಹಾಳೆ
ಕಿರಣ್ ತಂದ ಊರಿಗೂ ನಮ್ಮ ವಿಷಯಕ್ಕೂ ನಂಟು ಇದೆ, ನಿರ್ವಾಹಕರು ಕ್ಷಮಿಸಬೇಕು. ಅದೇ ಕಸದ ಗುಡ್ಡೆಯಲ್ಲಿ ಸ್ವರದ ಗುರುತು ಇರುವ ಒಂದು ಗ್ರೀಕ್ ಕ್ರೈಸ್ತ ಸ್ತೋತ್ರದ ತುಣುಕು ಸಿಕ್ಕಿದೆ. ಮೂರನೇ ಶತಮಾನದ ಕೊನೆಯದು. 1922ರಲ್ಲಿ ಅಚ್ಚಾಯಿತು. ಯಾರೋ ಧಾನ್ಯದ ಲೆಕ್ಕ ಬರೆದ ಹಾಳೆ, ಅದರ ಹಿಂಬದಿಯಲ್ಲಿ ಸ್ತೋತ್ರ. ಕಾಗದ ಉಳಿಸುವ ಬುದ್ಧಿ ಎಲ್ಲ ಕಾಲದಲ್ಲೂ ಒಂದೇ. ಅದರಲ್ಲಿ ಹಳೇ ಗ್ರೀಕರ ಅಕ್ಷರ-ಸ್ವರ ಪದ್ಧತಿ ಇದೆ. ಆಮೇಲೆ ಶತಮಾನಗಟ್ಟಲೆ ಮೌನ. ಬೈಜಾಂಟೈನ್ ಗುರುತು ತಲೆ ಎತ್ತುವುದು ಅದಕ್ಕೂ ಬಹಳ ನಂತರ, ಬೇರೆಯೇ ಬೇರಿನಿಂದ.

ಗಿರಿಜಕ್ಕ
ಹೆಂಗಸರು ಹಾಡು ಕಟ್ಟಿದ್ದು ಇದೆಯಾ? ಬರೀ ಗಡ್ಡದವರ ಹೆಸರೇ ಕೇಳುತ್ತಿದ್ದೇನೆ.

ಥೆಸಲೊನೀಕಿ_ಶ್ರೀ
ಇದೆ ಅಕ್ಕ! ಕಾಸ್ಸಿಯಾ. 9ನೇ ಶತಮಾನದ ಸನ್ಯಾಸಿನಿ, ಕಾನ್‌ಸ್ಟಾಂಟಿನೋಪಲ್‌ನವಳು. ಥಿಯೋಫಿಲೊಸ್ ಎಂಬ ರಾಜ ಮದುವೆಗೆ ಹುಡುಗಿ ನೋಡುವಾಗ ಇವಳ ಮುಂದೆ ನಿಂತು ಹೆಣ್ಣಿನಿಂದಲೇ ಕೇಡು ಬಂತು ಎಂದನಂತೆ. ಇವಳು ಒಳ್ಳೆಯದೂ ಹೆಣ್ಣಿನಿಂದಲೇ ಬಂತಲ್ಲ ಎಂದಳಂತೆ. ರಾಜ ಮುಂದಿನ ಹುಡುಗಿಗೆ ಹೋದ. ಕಥೆ ಎಷ್ಟು ನಿಜವೋ, ಆದರೆ ಹಾಡು ಗಟ್ಟಿಯಾಗಿ ಉಳಿದಿದೆ. ಈಸ್ಟರ್‌ಗೆ ಮುಂಚಿನ ಮಂಗಳವಾರ ಸಂಜೆ ಅವಳ ಸ್ತೋತ್ರ ಹಾಡುತ್ತಾರೆ. ಬೇರೆ ದಿನ ಚರ್ಚಿನ ಕಡೆ ತಲೆ ಹಾಕದವರೂ ಅವತ್ತು ಬರುತ್ತಾರೆ. ಹೋದ ವರ್ಷ ನಾನು ಮೆಟ್ಟಿಲ ಮೇಲೆ ನಿಂತು ಕೇಳಿದೆ, ಒಳಗೆ ಕಾಲಿಡಲು ಜಾಗ ಇರಲಿಲ್ಲ.

ಇನ್ನೊಂದು ವಿಷಯ. ಎಲ್ಲರೂ ಇಸ್ತಾಂಬುಲ್ ಎನ್ನುತ್ತಿದ್ದೀರಿ. ನಮ್ಮ ಥೆಸಲೊನೀಕಿಯಲ್ಲೂ ಒಂದು ಹಗಿಯಾ ಸೋಫಿಯಾ ಇದೆ. 1204ರಲ್ಲಿ ನಾಲ್ಕನೇ ಕ್ರುಸೇಡಿನವರು (ಪಶ್ಚಿಮ ಯುರೋಪಿನ ಧರ್ಮಯುದ್ಧದ ಸೈನಿಕರು) ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿದ ಮೇಲೆ ಅಲ್ಲಿಯ ದೊಡ್ಡ ಚರ್ಚಿನ ಹಳೇ ಹಾಡುಪೂಜೆ ಮುರಿದುಬಿತ್ತು. ಅದು ಉಳಿದದ್ದು ಇಲ್ಲಿ. ಇಲ್ಲಿಯ ಆರ್ಚ್‌ಬಿಷಪ್ ಸಿಮೆಯೊನ್ ಅದರ ಬಗ್ಗೆ ವಿವರವಾಗಿ ಬರೆದು 1429ರಲ್ಲಿ ತೀರಿಕೊಂಡರು. ಮರುವರ್ಷ ಊರು ತುರ್ಕರ ಕೈಗೆ ಹೋಯಿತು, ಪೂಜೆಯೂ ನಿಂತಿತು. ಆ ಹಾಡುಗಳ ಎರಡು ಪುಸ್ತಕ ಅಥೆನ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ, 2061 ಮತ್ತು 2062 ನಂಬರಿನವು. ನಾನು ದಿನಾ ಕೆಲಸಕ್ಕೆ ಆ ಚರ್ಚಿನ ಮುಂದೆಯೇ ಹೋಗುತ್ತೇನೆ. ಕಟ್ಟೆ ಮೇಲೆ ಹುಡುಗರು ಐಸ್ ಕಾಫಿ ಕುಡಿಯುತ್ತಾ ಕೂತಿರುತ್ತಾರೆ.

ಶಬ್ದದಾಸ
ದೊಡ್ಡ ಹಗಿಯಾ ಸೋಫಿಯಾದಲ್ಲಿ ಎಷ್ಟು ಜನ ಹಾಡುತ್ತಿದ್ದರು? ಧ್ವನಿ ಲೆಕ್ಕಕ್ಕೆ ಕೇಳುತ್ತಿದ್ದೇನೆ.

ಹಳೇಹಾಳೆ
ಜಸ್ಟಿನಿಯನ್ ದೊರೆಯ 535ರ ಕಾನೂನಿನಲ್ಲಿ ಮಿತಿ ಹಾಕಿದ್ದಾನೆ: 25 ಹಾಡುಗಾರರು, 110 ಪಾಠಕರು. ಈಗಿರುವ ಕಟ್ಟಡ ಮುಗಿದದ್ದು 537ರಲ್ಲಿ, ಅಂದರೆ ಇದು ಅದಕ್ಕೂ ಮೊದಲಿನ ಆಜ್ಞೆ. ಖರ್ಚು ಮಿತಿಮೀರಿದೆ, ಇನ್ನು ಹೊಸಬರನ್ನು ತೆಗೆದುಕೊಳ್ಳಬೇಡಿ ಎನ್ನುವ ಸುತ್ತೋಲೆ ಥರ ಇದೆ.

ತಿರುಗುಬಾಣ
ಆಗಲೂ ನೇಮಕಾತಿ ತಡೆ!

ವೀಣೆವಸು
ಒಂದು ಹಾಡಿನಲ್ಲಿ "ತೆ ರಿ ರೆಂ, ತೆ ರಿ ರೆಂ" ಎಂದು ಬಹಳ ಹೊತ್ತು ಬಂತು. ನನಗೆ ತಿಲ್ಲಾನ ಅನ್ನಿಸಿತು. ನನ್ನ ಕಿವಿಯ ಭ್ರಮೆಯಾ?

ಥೆಸಲೊನೀಕಿ_ಶ್ರೀ
ಭ್ರಮೆ ಅಲ್ಲ. ಅದು ಕ್ರಾತಿಮಾ. ಅರ್ಥ ಇಲ್ಲದ ಅಕ್ಷರದಲ್ಲಿ ಹಾಡುವುದು. 14ನೇ ಶತಮಾನದಲ್ಲಿ ಅಥೋಸ್ ಬೆಟ್ಟದ ಸನ್ಯಾಸಿ ಯೋಹಾನ್ ಕುಕುಜೆಲಿಸ್ ಇದರ ದೊಡ್ಡ ಹೆಸರು. ಅವರ ಕಾಲದ ಒಂದು ಪುಸ್ತಕಕ್ಕೆ ಇಸವಿಯೂ ಇದೆ, 1336. ಅದೂ ಅಥೆನ್ಸ್‌ನಲ್ಲೇ ಇದೆ. ಅಲ್ಲಿಂದ ಮುಂದೆ ಹಾಡಿಗೆ ರಚಿಸಿದವರ ಹೆಸರು ಬರೆಯುವ ರೂಢಿ ಜೋರಾಯಿತು. ಇಂಥವರದ್ದು, ಇಂಥವರು ತಿದ್ದಿ ಚಂದ ಮಾಡಿದ್ದು ಎಂದೆಲ್ಲ.

ತಿಲ್ಲಾನಕ್ಕೂ ಅದಕ್ಕೂ ನೆಂಟಸ್ತಿಕೆ ಹುಡುಕಬೇಡಿ. ಖುಷಿ ಜಾಸ್ತಿಯಾದಾಗ ಮಾತು ಬಿಟ್ಟುಹೋಗುವುದು ಎಲ್ಲರಲ್ಲೂ ಇದೆ.

ಸಂಶಯಪ್ಪ
ಸಾಮವೇದದವರೂ "ಹಾಉ ಹಾಉ" ಎನ್ನುತ್ತಾರೆ. ಅದಕ್ಕೆ ಸ್ತೋಭ ಎಂದು ಹೆಸರು.

ಗಿರಿಜಕ್ಕ
ಸಂಶಯಪ್ಪ ಸಂಶಯವಿಲ್ಲದೆ ಒಂದು ವಾಕ್ಯ ಬರೆದರು. ದಿನಾಂಕ ಗುರುತು ಹಾಕಿಕೊಳ್ಳಿ.

ವೀಣೆವಸು
ಶ್ರೀ, ನನಗೆ ಒಂದು ಸಾಲು ಕಲಿಸುತ್ತೀರಾ? ಚಿಕ್ಕದು. ಮೆಟ್ಟಿಲು ಎಣಿಸಿ ನೋಡುತ್ತೇನೆ.

ಥೆಸಲೊನೀಕಿ_ಶ್ರೀ
ಮೊದಲು ಒಂದು ಎಚ್ಚರಿಕೆ. ಇವರ ಸ್ವರದ ಹೆಸರು ನಿಮ್ಮ ತಲೆ ಕೆಡಿಸುತ್ತದೆ, ನನ್ನದು ಕೆಟ್ಟಿತ್ತು. 1814ರ ಮೂವರು ಗ್ರೀಕ್ ಅಕ್ಷರಮಾಲೆಯಿಂದ ಹೆಸರು ಮಾಡಿದರು: ಪಾ, ವು, ಗಾ, ದಿ, ಕೆ, ಜೋ, ನೀ. ಇವರ ನೀ ಎಂದರೆ ನಮ್ಮ ಸ. ಇವರ ಪಾ ನಮ್ಮ ರಿ. ಇವರ ಗಾ ನಮ್ಮ ಮ. ನಮ್ಮ ಪ ಇವರಿಗೆ ದಿ. ಮೊದಲ ತಿಂಗಳು ಮಾಸ್ತರು "ಗಾ" ಎಂದಾಗಲೆಲ್ಲ ನಾನು ಗಾಂಧಾರ ಹಾಡಿದೆ. ಅವರು ನನ್ನ ಕಿವಿಯಲ್ಲೇ ದೋಷ ಇದೆ ಎಂದುಕೊಂಡು ಕಿವಿ ಡಾಕ್ಟರ ವಿಳಾಸ ಬರೆದುಕೊಟ್ಟಿದ್ದರು.

ಅಂತರವೂ ಹಾರ್ಮೋನಿಯಂ ಥರ ಅಲ್ಲ. ಒಂದು ಸ್ಥಾಯಿಗೆ 72 ಭಾಗ. ನೀಯಿಂದ ಪಾಗೆ 12, ಪಾದಿಂದ ವುಗೆ 10, ವುನಿಂದ ಗಾಗೆ 8. ಹಾಗಾಗಿ ವು, ಅಂದರೆ ನಿಮ್ಮ ಗ, ಪಿಯಾನೋದ್ದಕ್ಕಿಂತ ಸ್ವಲ್ಪ ತಗ್ಗಿನಲ್ಲಿರುತ್ತದೆ. ವೀಣೆಯವರಿಗೆ ಇದು ಕಷ್ಟ ಆಗಬಾರದು, ತಂತಿ ಎಳೆದರಾಯಿತು.

ಈಗ ಸಾಲು. ಪಾದಿಂದ ಶುರು. ಇಸೊನ್, ಓಲಿಗೊನ್, ಪೆತಸ್ತಿ, ಅಪೊಸ್ತ್ರೊಫೊಸ್, ಎಲಫ್ರೊನ್. ಪೆತಸ್ತಿಯೂ ಒಂದು ಮೆಟ್ಟಿಲು ಮೇಲೆ.

ವೀಣೆವಸು
ಪಾ ವು ಗಾ ವು ನೀ. ಅಂದರೆ ರಿ ಗ ಮ ಗ ಸ. ಸರಿನಾ? ಧ್ವನಿ ತುಣುಕು ಹಾಕಿದ್ದೇನೆ. ನಿಮ್ಮ ಮಾಸ್ತರಿಗೆ ಕೇಳಿಸಿ.

ಗಿರಿಜಕ್ಕ
ಚೆನ್ನಾಗಿ ಹಾಡಿದ್ದೀಯ ಕಣೇ. ಸ್ವಲ್ಪ ಖರಹರಪ್ರಿಯದ ಥರ ಕೇಳಿಸಿತು.

ಥೆಸಲೊನೀಕಿ_ಶ್ರೀ
ಬುಧವಾರ ಮಾಸ್ತರಿಗೆ ಕೇಳಿಸಿದೆ. ಎರಡು ಸಲ ಕೇಳಿದರು. ಆಮೇಲೆ ಕೇಳಿದ್ದು: "ಈ ಹುಡುಗಿಯ ಸ್ವರ ಯಾಕೆ ನಡುಗುತ್ತದೆ? ಅಲ್ಲಿ ಚಳಿಯಾ?"

ವೀಣೆವಸು
ಅದು ಕಂಪಿತ ಗಮಕ!! ಚಳಿ ಅಂತೆ.

ಸಂಶಯಪ್ಪ
ಇದೇ ನನ್ನ ಮಾತು. ಹಾಳೆಯಲ್ಲಿ ಐದು ಗುರುತು. ವಸು ತಮಗೆ ಗೊತ್ತಿಲ್ಲದೆ ಮೈಸೂರಿನ ಗಂಟಲು ಸೇರಿಸಿದರು. ಅಮೆರಿಕದವರು ಅಮೆರಿಕದ್ದನ್ನು ಸೇರಿಸುತ್ತಾರೆ. ಫ್ರಾನ್ಸಿನ ಮಾರ್ಸೆಲ್ ಪೆರೆಸ್ ಅಥೆನ್ಸ್‌ನ ಹಾಡುಗಾರ ಲಿಕುರ್ಗೊಸ್ ಆಂಗೆಲೊಪುಲೊಸ್ ಅವರನ್ನು ಕರೆಸಿ ಹಳೇ ರೋಮನ್ ಹಾಡನ್ನು ಹಾಡಿಸಿದಾಗ ರೋಮ್ ಪೂರ್ತಿ ಗ್ರೀಕ್ ಆಗಿ ಕೇಳಿಸಿತು. ಹೌದು, ನಾನೂ ಎರಡು ದಿನದಿಂದ ಓದುತ್ತಿದ್ದೇನೆ, ನಗಬೇಡಿ.

ಥೆಸಲೊನೀಕಿ_ಶ್ರೀ
ನಗಲಿಲ್ಲ. ಕೇಳಿ, ಮುಂದೆ ಆದದ್ದು ಹೇಳುತ್ತೇನೆ. ಮಾಸ್ತರು ಅದೇ ಸಾಲನ್ನು ತಾವು ಹಾಡಿದರು. ಮೂರನೇ ಸ್ವರದಲ್ಲಿ ಮೇಲಿನ ದಿಯನ್ನು ಒಂದು ಕ್ಷಣ ಮುಟ್ಟಿ ಗಾಗೆ ಬಂದು ಇಳಿದರು. ನಾನು, "ಅದು ಹಾಳೆಯಲ್ಲಿ ಇಲ್ಲವಲ್ಲ, ನೀವೂ ಸೇರಿಸಿದಿರಿ" ಎಂದೆ. ಅವರು ಕನ್ನಡಕ ಏರಿಸಿ ಪೆತಸ್ತಿಯ ಮೇಲೆ ಬೆರಳಿಟ್ಟರು. "ಇದನ್ನು ಓದಲಿಲ್ಲವಾ?"

ನಾನೂ ವಸುವೂ ಅದನ್ನು ಬರೀ "ಒಂದು ಮೆಟ್ಟಿಲು ಮೇಲೆ" ಎಂದು ಓದಿದ್ದೆವು. ಓಲಿಗೊನ್‌ಗೂ ಅದಕ್ಕೂ ಲೆಕ್ಕ ಒಂದೇ ಅಲ್ವಾ ಎಂದು. ಹಳೇ ಪದ್ಧತಿಯಲ್ಲಿ ಒಂದು ಮೆಟ್ಟಿಲು ಹತ್ತಲು ಆರು ಬೇರೆ ಬೇರೆ ಗುರುತು ಇವೆ. ಬರೀ ಎಣಿಕೆಗೆ ಆಗಿದ್ದರೆ ಆರು ಯಾಕೆ ಬೇಕಿತ್ತು? ಪೆತಸ್ತಿ ಎಂಬ ಹೆಸರಿನಲ್ಲೇ ಹಾರುವುದು ಇದೆ.

ಸಂಶಯಪ್ಪ
ಆರು ಗುರುತು, ಆರು ನಡೆ. ಇದು ಗಟ್ಟಿ ಮಾತು, ಒಪ್ಪಿದೆ. ಆದರೆ 1336ರಲ್ಲಿ ಆ ಹಾರುವುದು ನಿಮ್ಮ ಮಾಸ್ತರು ಹಾರಿದಷ್ಟೇ ಇತ್ತಾ, ಹೆಚ್ಚೋ ಕಡಿಮೆಯೋ?

ಥೆಸಲೊನೀಕಿ_ಶ್ರೀ
ಮಾಸ್ತರನ್ನು ಕೇಳಿದೆ. "ಅವರ ಮೊಣಕಾಲು ನನ್ನದಕ್ಕಿಂತ ಗಟ್ಟಿ ಇದ್ದಿರಬೇಕು" ಎಂದರು.

ಹಳೇಹಾಳೆ
ನೀವೇ ನೋಡಬೇಕು ಎಂದರೆ ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದ ಪುಸ್ತಕಗಳನ್ನು 1950ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಫಿಲ್ಮ್ ಮಾಡಿಕೊಂಡರು, ಈಗ ಅಂತರ್ಜಾಲದಲ್ಲಿ ಪುಕ್ಕಟೆ ಇವೆ. ಕಪ್ಪು ಬಿಳುಪು, ಕೆಂಪು ಶಾಯಿ ಕಾಣುವುದಿಲ್ಲ. ಮೈಲಿಗಲ್ಲು ಮಾಸಿದ ರಸ್ತೆ ಎಂದುಕೊಂಡು ಹೊರಡಿ. ನಾನು ಮೂರನೇ ಸಾಲಿನಲ್ಲಿ ದಾರಿ ತಪ್ಪಿದವನು.

ವೀಣೆವಸು
ಈಗ ವೀಣೆಯಲ್ಲಿ ನುಡಿಸಿದೆ. ಮಧ್ಯಮದ ಮೆಟ್ಟಿನ ಮೇಲೆ ತಂತಿ ಎಳೆದು ಪಂಚಮ ಮುಟ್ಟಿ ವಾಪಸ್. ಗಾಂಧಾರ ಸ್ವಲ್ಪ ತಗ್ಗಿಸಿ. ನಡುಗಿಸಲಿಲ್ಲ, ಆಣೆ ಮಾಡುತ್ತೇನೆ. ಮೇಷ್ಟ್ರು ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದವರು ಅಲ್ಲಿಂದಲೇ ಕೂಗಿದರು: "ಅದನ್ನು ಇನ್ನೊಂದು ಸಲ ನುಡಿಸು."

ಶ್ರೀ, ಮುಂದಿನ ಸಾಲು ಕಳಿಸಿ.